ಮನೆ ಹೊತ್ತ ಬಂಡಿಯ ನಡೆ

ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ, ನೀರಿನ ಟ್ಯಾಂಕು ಇವೆಲ್ಲವನ್ನೂ ತನ್ನೊಳಗೆ ಇರಿಸಿಕೊಂಡು ಓಡುವ ಮೋಟಾರ್‌ಹೋಮ್ ಎಂಬ ವಾಹನವು ಕನ್ನಡಿಗರಿಗೆ ಮೊದಲು ಪರಿಚಯವಾದದ್ದು ಸಿನಿಮಾ ಚಿತ್ರೀಕರಣದ ತಾಣಗಳಲ್ಲಿ ನಿಲ್ಲುವ ಕ್ಯಾರವಾನ್ ಮೂಲಕ. ಆ ಕ್ಯಾರವಾನಿನ ಬದುಕಿನ ಬಹುಪಾಲು ನಿಂತಲ್ಲೇ ಕಳೆಯುತ್ತದೆಯಾದ್ದರಿಂದ ಅದು ರಸ್ತೆಯ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಯಾರಿಗೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಕರ್ನಾಟಕ ಸರ್ಕಾರದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ದೊರೆತು, ಮರುವರ್ಷ ಕೇರಳವು ಅದಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ಮೇಲೆ, ಕುಟುಂಬ ಸಮೇತ ನೂರಾರು ಕಿಲೋಮೀಟರ್ ಸಾಗುವ ವಾಹನವಾಗಿ ಅದನ್ನು ನೋಡುವ ರೂಢಿ ಬೆಳೆಯತೊಡಗಿತು. ಇಂಥ ವಾಹನಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದಲೇ ಮನೆಯಾಗಿ ಹೊರಬಂದವಲ್ಲ. ಜನರನ್ನೋ ಸರಕನ್ನೋ ಸಾಗಿಸಲೆಂದು ರೂಪಿಸಿದ ಮಿನಿ ಬಸ್ಸು, ವ್ಯಾನು ಅಥವಾ ಲಾರಿಯ ಚಾಸಿಯ ಮೇಲೆ, ಅಂದರೆ ಎಂಜಿನ್, ಚಕ್ರ, ಸ್ಪ್ರಿಂಗುಗಳನ್ನು ಹಿಡಿದಿಡುವ ಉಕ್ಕಿನ ಚೌಕಟ್ಟಿನ ಮೇಲೆ, ಬಾಡಿ ಕಟ್ಟುವವರು ಬೇರೊಂದು ಶೆಡ್ಡಿನಲ್ಲಿ ಮನೆಯನ್ನು ಕೂರಿಸಿರುತ್ತಾರೆ. ಚಾಸಿ ರೂಪಿಸಿದ ಎಂಜಿನಿಯರಿಗೆ ಮಂಚ ಎಲ್ಲಿ ಬರುತ್ತದೆಂಬುದು ತಿಳಿದಿರುವುದಿಲ್ಲ, ಮಂಚ ಕೂರಿಸಿದ ಬಡಗಿಗೆ ಮುಂದಿನ ಅಚ್ಚು ಎಷ್ಟು ಭಾರ ಬೇಡುತ್ತದೆಂಬುದು ತಿಳಿದಿರುವುದಿಲ್ಲ. ಸ್ಟೀರಿಂಗ್ ಸರಿಯಿಲ್ಲ ಎಂದು ಮಾಲೀಕರು ಹೇಳುವ ದೂರುಗಳಲ್ಲಿ ದೊಡ್ಡ ಪಾಲಿನ ಬೇರು ಸ್ಟೀರಿಂಗಿನಲ್ಲಿ ಇರದೆ ಈ ಅಂತರದಲ್ಲಿಯೇ ಇರುತ್ತದೆ.

ಇಂಥ ವಾಹನದ ಗುಣಾವಗುಣಗಳನ್ನು ಒರೆಗೆ ಹಚ್ಚಲು ಚಿಕ್ಕಬಳ್ಳಾಪುರ ಜಿಲ್ಲೆಯ ರಸ್ತೆಗಳಿಗಿಂತ ಬೇರೆ ಪರೀಕ್ಷಾ ಪಥ ಬೇಕಾಗುವುದಿಲ್ಲ. ಹಿಂದೆ 234 ಎಂಬ ಸಂಖ್ಯೆಯಿದ್ದ, ಈಗ 69 ಆಗಿರುವ ರಾಷ್ಟ್ರೀಯ ಹೆದ್ದಾರಿಯು ಮಧುಗಿರಿಯ ಕಡೆಯಿಂದ ಬಂದು ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರಕ್ಕೆ ಪೋಣಿಸಿಕೊಂಡು ಮುಳಬಾಗಿಲಿನತ್ತ ಸಾಗುತ್ತದೆ; ಅದನ್ನು ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರು–ಹೈದರಾಬಾದ್ ನಡುವಣ 44ನೇ ಹೆದ್ದಾರಿ ಅಡ್ಡಹಾಯುತ್ತದೆ. ಒಂದು ರಸ್ತೆಯಲ್ಲಿ ಊರೂರಿಗೆ ಎದುರಾಗುವ ಉಬ್ಬುಗಳು, ಬಯಲಿಗೆ ತೆರೆದುಕೊಂಡ ತಿರುವುಗಳು, ಮೈಸವರಿಕೊಂಡು ಹೋಗುವ ಜಲ್ಲಿ ಟಿಪ್ಪರುಗಳು ಇದ್ದರೆ, ಇನ್ನೊಂದರಲ್ಲಿ ವೇಗಕ್ಕೆ ಆಹ್ವಾನವಿತ್ತು ಬಂಡೆ ಸಾಲುಗಳ ಮರೆಯಿಂದ ಥಟ್ಟನೆ ಬಯಲಿಗೆ ತಂದು ನಿಲ್ಲಿಸುವ ನೇರ ದಾರಿಯಿದೆ. ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಈ ಎರಡೂ ರಸ್ತೆಗಳು ಎತ್ತರದ ಪೆಟ್ಟಿಗೆಯಂಥ ವಾಹನದ ಚಾಲಕನಿಗೆ ಕೈ ಸಡಿಲಿಸಲು ಬಿಡುವುದಿಲ್ಲ.

ದುರಸ್ತಿಗೆ ತೊಡಗುವ ಮುನ್ನ ದೂರು ಯಾವ ಬಗೆಯದೆಂದು ಬಿಡಿಸಿ ನೋಡಬೇಕಾಗುತ್ತದೆ, ಏಕೆಂದರೆ ಚಾಲಕರು ಎಲ್ಲವನ್ನೂ ಒಟ್ಟುಗೂಡಿಸಿ ಗಾಡಿ ಎಳೆಯುತ್ತದೆ ಎಂದುಬಿಡುವುದುಂಟು. ನೇರ ರಸ್ತೆಯಲ್ಲಿ ವಾಹನವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಾನಾಗಿ ಸರಿಯುತ್ತ, ಸ್ಟೀರಿಂಗನ್ನು ಸದಾ ತಿದ್ದುತ್ತಲೇ ಇರಬೇಕಾಗುವುದು ಅಲೆದಾಟ. ಯಾವಾಗಲೂ ಒಂದೇ ಬದಿಗೆ ವಾಲಿ ಹೋಗುವುದು ಎಳೆತ. ತಿರುವಿನಲ್ಲಿ ಅಥವಾ ಲಾರಿ ಹಾದುಹೋದಾಗ ಮೈಯೆಲ್ಲ ಮಗ್ಗುಲಿಗೆ ಬಾಗಿ ತೂಗಾಡುವುದು ಹೊಯ್ದಾಟ. ಎಳೆತಕ್ಕೆ ಒಂದು ಬದಿಯ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ವೀಲ್ ಅಲೈನ್‌ಮೆಂಟ್ ಇವುಗಳಲ್ಲೇ ಕಾರಣ ಸಿಕ್ಕಿಬಿಡುತ್ತದೆಯಾದ್ದರಿಂದ ಅದು ಮೂರರಲ್ಲಿ ಸುಲಭದ್ದು. ಉಳಿದೆರಡು ಹಾಗಲ್ಲ.

ಅಲೆದಾಟದ ವಿಚಾರಣೆ ಆರಂಭವಾಗಬೇಕಾದದ್ದು ಗ್ಯಾರೇಜಿನಲ್ಲಿ ಅಲ್ಲ, ವೇಬ್ರಿಡ್ಜಿನಲ್ಲಿ. ಟೊಮೆಟೊ, ಮೆಕ್ಕೆಜೋಳ, ಜಲ್ಲಿಗಳ ಸಾಗಾಟವೇ ದಿನನಿತ್ಯದ ಕಸುಬಾಗಿರುವ ಈ ಸೀಮೆಯಲ್ಲಿ ತೂಕದ ಕಟ್ಟೆಗಳಿಗೆ ಬರವಿಲ್ಲ. ನೀರು, ಇಂಧನ, ಗ್ಯಾಸ್ ಸಿಲಿಂಡರು, ಸಾಮಾನು, ಪ್ರಯಾಣಿಕರು ಎಲ್ಲವೂ ಪ್ರಯಾಣದ ದಿನ ಇರುವಂತೆಯೇ ಇದ್ದಾಗ, ಮೊದಲು ಮುಂದಿನ ಚಕ್ರಗಳನ್ನು ಮಾತ್ರ, ಅನಂತರ ಇಡೀ ವಾಹನವನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿದರೆ ಯಾವ ಅಚ್ಚಿನ ಮೇಲೆ ಎಷ್ಟು ಭಾರವಿದೆ ಎಂಬುದು ಗೊತ್ತಾಗುತ್ತದೆ. ಈ ಮೂರು ಅಂಕಿಗಳನ್ನು ಚಾಸಿಯ ಫಲಕದಲ್ಲಿ ತಯಾರಕರು ನಮೂದಿಸಿರುವ ಮಿತಿಗಳೊಂದಿಗೆ ಹೋಲಿಸಿದಾಗ ಒಟ್ಟು ತೂಕ ಮಿತಿಯೊಳಗೇ ಇದ್ದು ಹಿಂದಿನ ಅಚ್ಚು ಮಾತ್ರ ಮಿತಿ ಮೀರಿರುವುದು ಕಂಡುಬಂದರೆ ಅಚ್ಚರಿಪಡಬೇಕಾಗಿಲ್ಲ. ಮಂಚದ ಕೆಳಗಿನ ಪೆಟ್ಟಿಗೆ, ಬ್ಯಾಟರಿ, ನೀರು, ಶೌಚಾಲಯ ಇವೆಲ್ಲ ವಾಹನದ ಬೆನ್ನಿಗೇ ಸೇರಿಕೊಳ್ಳುವುದು ಒಳವಿನ್ಯಾಸದ ದೃಷ್ಟಿಯಿಂದ ಅನುಕೂಲಕರವಾಗಿರುತ್ತದೆ.

ಈ ಅನುಕೂಲದ ಬೆಲೆ ಎಷ್ಟೆಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ, ಅಂದರೆ ವೀಲ್‌ಬೇಸ್, 4 ಮೀಟರ್ ಇದೆಯೆಂದೂ, 200 ಲೀಟರ್ ನೀರಿನ ಟ್ಯಾಂಕನ್ನು ಹಿಂದಿನ ಅಚ್ಚಿನಿಂದ 1.5 ಮೀಟರ್ ಆಚೆಗೆ, ವಾಹನದ ಬಾಲದಲ್ಲಿ ಇರಿಸಲಾಗಿದೆಯೆಂದೂ ಇಟ್ಟುಕೊಂಡರೆ, 200 ಕಿಲೋ ತೂಗುವ ಆ ನೀರು ಹಿಂದಿನ ಅಚ್ಚನ್ನು ಅಂಗಳದ ಏತದ ಕಂಬದಂತೆ ಬಳಸಿಕೊಂಡು ಮುಂಭಾಗವನ್ನು ಮೇಲಕ್ಕೆತ್ತುತ್ತದೆ. ಪರಿಣಾಮವಾಗಿ ಮುಂದಿನ ಚಕ್ರಗಳ ಮೇಲಿನ ಭಾರ 75 ಕಿಲೋ ಕಡಿಮೆಯಾಗಿ, ಹಿಂದಿನ ಅಚ್ಚಿನ ಮೇಲೆ 200ರ ಬದಲು 275 ಕಿಲೋ ಬೀಳುತ್ತದೆ. ಅದೇ ಟ್ಯಾಂಕನ್ನು ಎರಡು ಅಚ್ಚುಗಳ ನಟ್ಟನಡುವೆ, ನೆಲದ ಕೆಳಗೆ ಕೂರಿಸಿದರೆ ಎರಡಕ್ಕೂ ನೂರು ನೂರು ಕಿಲೋ ಸಮನಾಗಿ ಹಂಚಿಹೋಗುತ್ತದೆ. ದಿಕ್ಕು ತಿರುಗಿಸುವ ಕೆಲಸ ಮುಂದಿನ ಟೈರುಗಳದ್ದಾದ್ದರಿಂದ, ಹಗುರಾದ ಮುಂಭಾಗವೆಂದರೆ ರಸ್ತೆಯನ್ನು ಕಚ್ಚಿ ಹಿಡಿಯದ ಮುಂಭಾಗವೆಂದೇ ಅರ್ಥ. ಅರೆ ತುಂಬಿದ ಟ್ಯಾಂಕಿನದು ಇನ್ನೊಂದು ಕಾಟ: ತಿರುವಿನಲ್ಲಿ ನೀರೆಲ್ಲ ಒಂದು ಬದಿಗೆ ನುಗ್ಗಿ, ವಾಹನ ನೇರವಾಗುವ ಹೊತ್ತಿಗೆ ಮತ್ತೆ ಎದುರು ಬದಿಗೆ ಅಪ್ಪಳಿಸುವುದನ್ನು ತಡೆಯಲು ಟ್ಯಾಂಕಿನ ಒಳಗೆ ತೂತುಗಳಿರುವ ಅಡ್ಡ ತಡಿಕೆಗಳನ್ನು ಇಡಬೇಕಾಗುತ್ತದೆ, ಇಲ್ಲವೇ ಟ್ಯಾಂಕನ್ನು ಪೂರ್ತಿ ತುಂಬಿಸಿಯೋ ಪೂರ್ತಿ ಖಾಲಿ ಮಾಡಿಯೋ ಹೊರಡಬೇಕಾಗುತ್ತದೆ.

ಬೆನ್ನು ಭಾರವಾದ ವಾಹನದ ಗುಣವನ್ನು ವಿವರಿಸುವ ಶಾಸ್ತ್ರೀಯ ಪದಗಳನ್ನು 1930ರ ದಶಕದಲ್ಲಿ ಬಳಕೆಗೆ ತಂದವರು ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋದ ಇಂಗ್ಲಿಷ್ ಎಂಜಿನಿಯರ್ ಮಾರಿಸ್ ಆಲಿ. ಟೈರು ತಾನು ಮುಖಮಾಡಿರುವ ದಿಕ್ಕಿನಲ್ಲೇ ಕರಾರುವಾಕ್ಕಾಗಿ ಉರುಳುವುದಿಲ್ಲ. ಪಕ್ಕದಿಂದ ಬಲ ಬಿದ್ದಾಗ ರಬ್ಬರು ಬಾಗಿ, ಚಕ್ರದ ಮುಖಕ್ಕೂ ಅದು ನಿಜವಾಗಿ ಸಾಗುವ ದಾರಿಗೂ ನಡುವೆ ಚಿಕ್ಕ ಕೋನವೊಂದು ಉಂಟಾಗುತ್ತದೆ. ಈ ಕೋನವು ಮುಂದಿನ ಟೈರುಗಳಲ್ಲಿ ಹೆಚ್ಚಿದ್ದರೆ ವಾಹನವು ಚಾಲಕ ಬಯಸಿದ್ದಕ್ಕಿಂತ ಕಡಿಮೆ ತಿರುಗುತ್ತದೆ, ಅದು ಅಂಡರ್‌ಸ್ಟೀರ್. ಹಿಂದಿನ ಟೈರುಗಳಲ್ಲಿ ಹೆಚ್ಚಿದ್ದರೆ ಬಾಲ ಹೊರಕ್ಕೆ ಸರಿದು ಬಯಸಿದ್ದಕ್ಕಿಂತ ಹೆಚ್ಚು ತಿರುಗುತ್ತದೆ, ಅದು ಓವರ್‌ಸ್ಟೀರ್. ಮೊದಲನೆಯದು ಮಂದವಾದರೂ ಸೌಮ್ಯ. ಎರಡನೆಯದಕ್ಕೆ ಒಂದು ನಿರ್ಣಾಯಕ ವೇಗವಿದ್ದು, ಅದನ್ನು ದಾಟಿದ ಬಳಿಕ ಸಣ್ಣ ಅಲುಗಾಟವೂ ತಾನಾಗಿ ದೊಡ್ಡದಾಗುತ್ತ ಹೋಗುತ್ತದೆ. ಹಿಂಬದಿಯ ಭಾರ ಹೆಚ್ಚಿದಷ್ಟೂ ವಾಹನವು ಮೊದಲನೆಯ ಗುಣದಿಂದ ಎರಡನೆಯದರತ್ತ ಜಾರುತ್ತದೆ. ಊರೊಳಗೆ ಗೋವಿನಂತಿದ್ದ ಗಾಡಿ 44ನೇ ಹೆದ್ದಾರಿಯಲ್ಲಿ ಎಂಬತ್ತು ದಾಟಿದೊಡನೆ ಅಂಕೆ ತಪ್ಪುವಂತೆ ಕಾಣುವುದಕ್ಕೆ ಕಾರಣ ಇಲ್ಲಿರಬಹುದು.

ಭಾರ ಗೊತ್ತಾದ ಮೇಲೆ ಟೈರಿನ ಗಾಳಿಯನ್ನು ನಿರ್ಧರಿಸುವುದು ಅಂದಾಜಿನ ಮಾತಾಗಿ ಉಳಿಯುವುದಿಲ್ಲ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನೇ ಸರಿಯಾದ ಒತ್ತಡವೆಂದು ತಿಳಿಯುವುದು ವ್ಯಾಪಕವಾದ ತಪ್ಪು. ಯಾವ ಭಾರಕ್ಕೆ ಎಷ್ಟು ಗಾಳಿ ಎಂಬುದನ್ನು ತಿಳಿಸುವ ಕೋಷ್ಟಕವನ್ನು ಟೈರು ತಯಾರಕರು ಕೊಡುತ್ತಾರೆ, ಅದನ್ನು ಅಚ್ಚಿನ ತೂಕದೊಂದಿಗೆ ಕೂಡಿಸಿ ಓದಬೇಕು. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಮೆತ್ತಗಾಗಿ, ಸ್ಟೀರಿಂಗ್ ತಿರುಗಿಸಿದ ಅರೆಗಳಿಗೆಯ ನಂತರ ವಾಹನ ತಿರುಗುತ್ತದೆ ಮತ್ತು ಟೈರು ಕಾಯುತ್ತದೆ. ಹೆಚ್ಚಾದರೆ ನೆಲಕ್ಕೆ ತಾಗುವ ಪಟ್ಟಿ ಕಿರಿದಾಗಿ, ವಾಹನವು ರಸ್ತೆಯ ಪ್ರತಿ ಗೀರಿಗೂ ಕುಪ್ಪಳಿಸುತ್ತ ಅಲೆಯುತ್ತದೆ. ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುತ್ತದೆಯಾದ್ದರಿಂದ ಅಳತೆಯನ್ನು ಬೆಳಿಗ್ಗೆ ಹೊರಡುವ ಮುನ್ನ ಮಾಡುವುದು ಲೇಸು. ಹಿಂದೆ ಜೋಡಿ ಚಕ್ರಗಳಿರುವ ವಾಹನಗಳಲ್ಲಿ ಒಳಗಿನ ಟೈರಿನ ಕವಾಟಕ್ಕೆ ಕೈ ಎಟುಕುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದರ ಗಾಳಿ ತಿಂಗಳುಗಟ್ಟಲೆ ಪರೀಕ್ಷೆಯಾಗದೆ ಉಳಿಯುವುದುಂಟು. ಟೈರು ಹೊರಬಲ್ಲ ಭಾರವನ್ನು ಸೂಚಿಸುವ ಅಂಕಿಯೂ ಅದರ ಗೋಡೆಯಲ್ಲೇ ಇರುತ್ತದೆ. ಉದಾಹರಣೆಗೆ 107 ಎಂದಿದ್ದರೆ ಆ ಟೈರಿನ ಸಾಮರ್ಥ್ಯ 975 ಕಿಲೋ, 113 ಎಂದಿದ್ದರೆ 1150 ಕಿಲೋ. ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿಯನ್ನೂ ಹುಡುಕಿ ನೋಡಬೇಕು: 2321 ಎಂದರೆ 2021ನೇ ಇಸವಿಯ 23ನೇ ವಾರ. ಮೋಟಾರ್‌ಹೋಮ್ ವರ್ಷದ ಬಹುಭಾಗ ಬಿಸಿಲಿನಲ್ಲಿ ನಿಂತಿರುವುದರಿಂದ ಅದರ ಟೈರುಗಳ ಹಲ್ಲು ಸವೆಯುವ ಮುಂಚೆಯೇ ರಬ್ಬರು ಮುದಿಯಾಗುತ್ತದೆ.

ಇದಾದ ಮೇಲೆಯೇ ಮುಂಭಾಗದ ಕೀಲುಗಳ ಸರದಿ. ತಿರುವಿನಲ್ಲಿ ಒಳಗಿನ ಚಕ್ರವು ಹೊರಗಿನದಕ್ಕಿಂತ ಹೆಚ್ಚು ತಿರುಗುವಂತೆ ಮಾಡುವ ಸಂಯೋಜನೆಯನ್ನು 1817ರಲ್ಲಿ ಜರ್ಮನಿಯ ಸಾರೋಟು ತಯಾರಕ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದರೂ, ಮರುವರ್ಷ ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಪಡೆದ ರೂಡಾಲ್ಫ್ ಆಕರ್ಮನ್ನನ ಹೆಸರೇ ಅದಕ್ಕೆ ಅಂಟಿಕೊಂಡಿದೆ; ಇಂದಿನ ವಾಹನಗಳ ಟೈ ರಾಡ್ ಮತ್ತು ಅದರ ತೋಳುಗಳು ಆ ತತ್ತ್ವದ ವಂಶಜರೇ. ಟೈ ರಾಡಿನ ತುದಿಗಳು, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್, ಚಕ್ರದ ಬೇರಿಂಗು, ಸ್ಟೀರಿಂಗ್ ಬಾಕ್ಸು ಇವುಗಳಲ್ಲಿ ಪ್ರತಿಯೊಂದರ ಸವೆತವೂ ಅತ್ಯಲ್ಪವೆನಿಸಿದರೂ, ಎಲ್ಲವೂ ಒಟ್ಟುಗೂಡಿ ಮೆಕ್ಯಾನಿಕ್ಕುಗಳು ಪ್ಲೇ ಎಂದು ಕರೆಯುವ ಸಡಿಲವನ್ನು ಉಂಟುಮಾಡುತ್ತವೆ. ಒಬ್ಬರು ಸ್ಟೀರಿಂಗನ್ನು ಮೆಲ್ಲಗೆ ಎಡಬಲಕ್ಕೆ ಆಡಿಸುತ್ತಿರಲು ಇನ್ನೊಬ್ಬರು ಕೆಳಗಿನಿಂದ ಪ್ರತಿ ಕೀಲನ್ನೂ ನೋಡಿದರೆ ಸಡಿಲ ಎಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ಸವೆದ ಕೀಲನ್ನು ಬದಲಿಸದೆ ಅಲೈನ್‌ಮೆಂಟ್ ಮಾಡಿಸುವುದರಿಂದ ಆ ಅಂಗಡಿಯವರಿಗೆ ಮಾತ್ರ ಲಾಭ.

ಅಲೈನ್‌ಮೆಂಟಿನ ಕೋನಗಳಲ್ಲಿ ನೇರ ಓಟಕ್ಕೆ ಮುಖ್ಯವಾದದ್ದು ಕ್ಯಾಸ್ಟರ್. ಚಕ್ರವು ಯಾವ ಅಕ್ಷದ ಸುತ್ತ ಎಡಬಲಕ್ಕೆ ತಿರುಗುತ್ತದೆಯೋ ಆ ಅಕ್ಷದ ಮೇಲ್ತುದಿಯನ್ನು ತುಸು ಹಿಂದಕ್ಕೆ ಓರೆಯಾಗಿಸಿದಾಗ, ಅದು ನೆಲವನ್ನು ಮುಟ್ಟುವ ಬಿಂದುವು ಟೈರಿನ ನೆಲಸ್ಪರ್ಶಕ್ಕಿಂತ ಮುಂದಿರುತ್ತದೆ. ಆಗ ಟೈರು ಆ ಬಿಂದುವಿನ ಹಿಂದೆ ಎಳೆಯಲ್ಪಡುತ್ತ ತಾನಾಗಿ ನೇರಕ್ಕೆ ಮರಳುತ್ತದೆ. ಹಿಂಭಾಗ ಕುಸಿದ ವಾಹನಕ್ಕೆ ಕಮಾನು ಪಟ್ಟಿಗಳನ್ನು ಹೆಚ್ಚುವರಿಯಾಗಿ ಸೇರಿಸಿ ಮೇಲೆತ್ತುವ ನಮ್ಮ ಕಡೆಯ ರೂಢಿಯು ಈ ಕೋನವನ್ನು ಗಮನಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಹಿಂಭಾಗ ಏರಿದಂತೆ ಇಡೀ ಚಾಸಿ ಮುಂದಕ್ಕೆ ಬಾಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಭಾರ ಹೊರುವ ಶಕ್ತಿ ಹೆಚ್ಚಿತೆಂದು ಹಿಗ್ಗುವ ಮಾಲೀಕನಿಗೆ ಅಲೆದಾಟ ಇನ್ನಷ್ಟು ಹೆಚ್ಚಿದ್ದರ ಕಾರಣ ಹೊಳೆಯುವುದಿಲ್ಲ. ಆದಕಾರಣ ಸ್ಪ್ರಿಂಗಿನ ಎತ್ತರವನ್ನು ಬದಲಿಸಿದ ಪ್ರತಿ ಸಲವೂ, ವಾಹನದಲ್ಲಿ ಪ್ರಯಾಣದ ಭಾರವಿರುವಾಗಲೇ ಅಲೈನ್‌ಮೆಂಟನ್ನು ಮತ್ತೆ ಮಾಡಿಸಬೇಕಾಗುತ್ತದೆ. ಖಾಲಿ ಗಾಡಿಯ ಅಲೈನ್‌ಮೆಂಟ್ ಖಾಲಿ ಗಾಡಿಗಷ್ಟೇ ಸರಿ.

ಹೊಯ್ದಾಟವು ಎತ್ತರದ ಸಮಸ್ಯೆ. ಇಡೀ ತೂಕ ಒಂದೇ ಬಿಂದುವಿನಲ್ಲಿದೆಯೆಂದು ಭಾವಿಸಬಹುದಾದ ಗುರುತ್ವಕೇಂದ್ರದ ಎತ್ತರವನ್ನು ಇಮ್ಮಡಿಸಿ, ಎಡಬಲ ಚಕ್ರಗಳ ನಡುವಣ ಅಗಲವನ್ನು ಅದರಿಂದ ಭಾಗಿಸಿದರೆ ಮಗುಚದೆ ನಿಲ್ಲುವ ಶಕ್ತಿಯ ಸ್ಥೂಲವಾದ ಅಳತೆಯೊಂದು ಸಿಗುತ್ತದೆ. ಅಗಲ 1.5 ಮೀಟರ್, ಗುರುತ್ವಕೇಂದ್ರದ ಎತ್ತರ 0.55 ಮೀಟರ್ ಇರುವ ಕಾರಿಗೆ ಅದು 1.36 ಆದರೆ, ಅಗಲ 1.8, ಎತ್ತರ 1.2 ಮೀಟರ್ ಇರುವ ಮೋಟಾರ್‌ಹೋಮಿಗೆ ಕೇವಲ 0.75. ಅಂದರೆ ಗುರುತ್ವಬಲದ ಮುಕ್ಕಾಲು ಪಾಲಿನಷ್ಟು ಅಡ್ಡಬಲ ಬಿದ್ದರೆ ವಾಹನ ಉರುಳುವ ಹಂತ ತಲುಪುತ್ತದೆ. ಸ್ಪ್ರಿಂಗು, ಟೈರುಗಳು ಬಾಗುವುದನ್ನು ಲೆಕ್ಕಕ್ಕೆ ಹಿಡಿದರೆ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ನಾಲ್ಕು ಟನ್ ತೂಗುವ ಇಂಥ ವಾಹನದ ನೆತ್ತಿಯ ಮೇಲೆ, ನೆಲದಿಂದ 3 ಮೀಟರ್ ಎತ್ತರದಲ್ಲಿ, ಏಸಿ, ಸೌರಫಲಕ, ಸಾಮಾನಿನ ಕ್ಯಾರಿಯರ್ ಸೇರಿ 150 ಕಿಲೋ ಹೇರಿದರೆ ಗುರುತ್ವಕೇಂದ್ರ ಆರೂವರೆ ಸೆಂಟಿಮೀಟರ್ ಏರಿ ಆ ಅಂಕಿ 0.71ಕ್ಕೆ ಇಳಿಯುತ್ತದೆ. ಮೇಲ್ಛಾವಣಿಯ ಮೇಲೆ ಕುರ್ಚಿ ಹಾಕಿ ಕೂರುವ ಕಟ್ಟೆ ಬೇಕೆಂಬ ಹೊಸ ಖಯಾಲಿಗೆ ಒಳಗಾಗುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಉಚಿತ.

ನಂದಿಬೆಟ್ಟದ ರಸ್ತೆಯಂಥ ತಿರುವುಗಳಲ್ಲಿ ಇದರ ಅರ್ಥ ಸ್ಪಷ್ಟವಾಗುತ್ತದೆ. 25 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹಾದಾಗ ಬೀಳುವ ಅಡ್ಡಬಲ ಗುರುತ್ವದ 0.28 ಪಾಲು, 40ರಲ್ಲಿ 0.5 ಪಾಲು, 50ರಲ್ಲಿ 0.79 ಪಾಲು. ವೇಗವನ್ನು ಇಪ್ಪತ್ತು ಕಿಲೋಮೀಟರ್ ಏರಿಸಿದ್ದಕ್ಕೆ ಬಲ ಸುಮಾರು ಮೂರು ಪಟ್ಟಾಗುವುದು ಅದು ವೇಗದ ವರ್ಗವನ್ನು ಅನುಸರಿಸುವುದರಿಂದ. ಕಾರು ಅದೇ ತಿರುವಿನಲ್ಲಿ ಜಾರಿದರೂ ಮಗುಚದೆ ಉಳಿದೀತು. ಮೋಟಾರ್‌ಹೋಮ್ ಆ ಹೊತ್ತಿಗೆ ತನ್ನ ಮಿತಿಯನ್ನು ದಾಟಿರುತ್ತದೆ.

ಹೊಯ್ದಾಟ ತಗ್ಗಿಸುವ ಬಿಡಿಭಾಗಗಳಲ್ಲಿ ಮೊದಲ ಮರ್ಯಾದೆ ಸಲ್ಲಬೇಕಾದದ್ದು ಶಾಕ್ ಅಬ್ಸಾರ್ಬರಿಗೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಶಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ; ಎಣ್ಣೆ ಸೋರಿದ, ದಣಿದ ಶಾಕ್ ಅಬ್ಸಾರ್ಬರಿದ್ದರೆ ಉಬ್ಬು ದಾಟಿದ ಮೇಲೂ ವಾಹನ ಕೆಲಕಾಲ ತೂಗುತ್ತಲೇ ಇರುತ್ತದೆ. ಎರಡನೆಯದು ಆ್ಯಂಟಿ ರೋಲ್ ಬಾರ್: ಎಡಬಲ ಚಕ್ರಗಳ ಬಳಿ ಜೋಡಿಸಿದ, ತಿರುಚಿದರೆ ಮರಳಿ ನೆಟ್ಟಗಾಗುವ ಈ ಉಕ್ಕಿನ ಸರಳು ಒಂದು ಬದಿ ತಗ್ಗಿದಾಗ ಇನ್ನೊಂದನ್ನೂ ತನ್ನೊಡನೆ ಎಳೆದು ಮೈ ಬಾಗುವುದನ್ನು ಕಡಿಮೆ ಮಾಡುತ್ತದೆ. ಹಿಂಭಾಗದ ಸರಳನ್ನು ಮಾತ್ರ ದಪ್ಪಗೊಳಿಸಿದರೆ ತಿರುವಿನಲ್ಲಿ ಹಿಂದಿನ ಹೊರಬದಿಯ ಟೈರಿನ ಮೇಲೆಯೇ ಹೆಚ್ಚು ಭಾರ ಬಿದ್ದು ಮೇಲೆ ಹೇಳಿದ ಓವರ್‌ಸ್ಟೀರ್ ಗುಣ ಬಲಿಯುತ್ತದೆಯಾದ್ದರಿಂದ ಮುಂದು ಹಿಂದುಗಳ ಸಮತೋಲವನ್ನು ನೋಡಿಕೊಂಡೇ ಇದನ್ನು ಅಳವಡಿಸಬೇಕು. ಅಚ್ಚು ಅಡ್ಡಡ್ಡಲಾಗಿ ಸರಿಯದಂತೆ ಚಾಸಿಗೆ ಕಟ್ಟುವ ಪ್ಯಾನ್‌ಹಾರ್ಡ್ ರಾಡ್ ಸುರುಳಿ ಸ್ಪ್ರಿಂಗು ಅಥವಾ ಗಾಳಿ ಚೀಲಗಳ ಮೇಲೆ ನಿಂತ ಒಂದೇ ತುಂಡಿನ ಅಚ್ಚಿಗೆ ಅವಶ್ಯ. ಕಮಾನು ಪಟ್ಟಿಗಳು ಅಚ್ಚನ್ನು ತಕ್ಕಮಟ್ಟಿಗೆ ತಾವೇ ಹಿಡಿದಿಡುತ್ತವೆ, ಅವುಗಳ ಬುಷ್ ಸವೆದಿರಬಾರದಷ್ಟೆ. ಇನ್ನು ಸ್ಟೀರಿಂಗ್ ಡ್ಯಾಂಪರ್, ಅಂದರೆ ಸ್ಟೀರಿಂಗಿನ ಕೀಲುಗಳಿಗೆ ಅಡ್ಡಲಾಗಿ ಕೂರಿಸುವ ಸಣ್ಣ ಶಾಕ್ ಅಬ್ಸಾರ್ಬರು, ಗುಂಡಿಗೆ ಬಿದ್ದಾಗ ಕೈಗೆ ಬಡಿಯುವ ಹೊಡೆತವನ್ನು ತಗ್ಗಿಸುತ್ತದೆ. ಅಲೆದಾಟಕ್ಕೆ ಅದು ಮದ್ದಲ್ಲ. ಸಡಿಲವನ್ನು ಕೆಲಕಾಲ ಮರೆಮಾಚುತ್ತದೆ. ಹಣ ಕೊಟ್ಟು ಕೊಳ್ಳಬಹುದಾದ ವಸ್ತುಗಳಲ್ಲಿ ಅತಿ ಹೆಚ್ಚು ನಿರೀಕ್ಷೆ ಹುಟ್ಟಿಸಿ ಅತಿ ಕಡಿಮೆ ಕೊಡುವುದು ಬಹುಶಃ ಇದೇ.

ಗಾಳಿಯ ವಿಷಯದಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಪಕ್ಕದಿಂದ ನೋಡಿದರೆ 18 ಚದರ ಮೀಟರ್ ಮೈಯಿರುವ ವಾಹನಕ್ಕೆ ಗಂಟೆಗೆ 54 ಕಿಲೋಮೀಟರ್ ವೇಗದ ಅಡ್ಡಗಾಳಿ ಬಡಿದರೆ ಸುಮಾರು 250 ಕಿಲೋ ಭಾರದಷ್ಟು ತಳ್ಳುವಿಕೆ ಉಂಟಾಗುತ್ತದೆ. ಅದು ವಾಹನದ ಗುರುತ್ವಕೇಂದ್ರಕ್ಕಿಂತ ಮುಂದೆ ಬಿದ್ದರೆ ಮೂತಿಯನ್ನು ಗಾಳಿಯ ದಿಕ್ಕಿಗೆ ತಿರುಗಿಸುತ್ತದೆ. ಬೆನ್ನು ಭಾರವಾದ ವಾಹನದಲ್ಲಿ ಗುರುತ್ವಕೇಂದ್ರ ಹಿಂದಿರುವುದರಿಂದ ಈ ತಿರುಚುವಿಕೆ ಹೆಚ್ಚು. ವೇಗವಾಗಿ ಹಿಂದಿಕ್ಕುವ ಲಾರಿ ಅಥವಾ ಬಸ್ಸಿನದೂ ಇದೇ ಬಗೆ: ಅದರ ಮೂತಿ ಹತ್ತಿರ ಬಂದಾಗ ಒತ್ತಿ ಬಂದ ಗಾಳಿ ಎಡಕ್ಕೆ ತಳ್ಳುತ್ತದೆ, ಅದರ ಮೈ ಪಕ್ಕಕ್ಕೆ ಬಂದಾಗ ನಡುವಣ ಒತ್ತಡ ಕುಸಿದು ತನ್ನತ್ತ ಸೆಳೆಯುತ್ತದೆ. ಮೊದಲ ತಳ್ಳುವಿಕೆಗೆ ಬೆದರಿ ಸ್ಟೀರಿಂಗನ್ನು ಬಲವಾಗಿ ಬಲಕ್ಕೆ ಎಳೆದ ಚಾಲಕನು ಎರಡನೆಯ ಸೆಳೆತಕ್ಕೆ ತಾನೇ ನೆರವಾಗುತ್ತಾನೆ.

ವಾಹನ ಜಾರುವುದನ್ನು ಗ್ರಹಿಸಿ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕು ಹಾಕುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯು ಬಾಷ್ ಮತ್ತು ಮರ್ಸಿಡಿಸ್ ಬೆಂಝ್‌ಗಳ ಮೂಲಕ 1995ರಲ್ಲಿ ಮಾರುಕಟ್ಟೆಗೆ ಬಂದು, 1997ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಎತ್ತರದ ಪುಟ್ಟ ಕಾರು ಮಗುಚಿದ ಮೇಲೆ ಲೋಕಪ್ರಸಿದ್ಧವಾಯಿತು. ಅದು ಇರುವ ಚಾಸಿಯನ್ನೇ ಆಯ್ದುಕೊಳ್ಳುವುದು ಮೇಲು, ಆದರೆ ಆ ವ್ಯವಸ್ಥೆಯ ಲೆಕ್ಕಾಚಾರವೂ ತಯಾರಕರು ಊಹಿಸಿದ ಭಾರ ಮತ್ತು ಎತ್ತರಗಳನ್ನೇ ಆಧರಿಸಿರುತ್ತದೆ.

ಕಾನೂನಿನ ದೃಷ್ಟಿಯಿಂದ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಾರಿಗೇತರ ವಾಹನಗಳ ಸಾಲಿನಲ್ಲಿ ಸೇರಿಸಿದೆ. ಹಿಂದಿನ ಅಚ್ಚಿನಿಂದಾಚೆಗೆ ಚಾಚುವ ಬಾಲದ ಉದ್ದವು ಅಚ್ಚುಗಳ ನಡುವಣ ಅಂತರದ ಶೇ. 60ನ್ನು ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 4 ಮೀಟರ್ ವೀಲ್‌ಬೇಸಿಗೆ ಇದು 2.4 ಮೀಟರ್ ಆಗುತ್ತದೆಯಾದರೂ ಆ ಮಿತಿಯನ್ನು ಪೂರ್ತಿ ಬಳಸಿಕೊಂಡ ವಾಹನದ ಬಾಲವು ಚಿಂತಾಮಣಿಯ ಪೇಟೆ ಬೀದಿಯ ತಿರುವಿನಲ್ಲಿ ಪಕ್ಕದವರ ಗಾಡಿಗೆ ತಾಗದೆ ಇರುವುದು ಕಷ್ಟ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ತಡೆಯುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಚಿತಪಡಿಸಿದೆ. ಹೀಗಿರುವಾಗ ಚಕ್ರದ ಅಳತೆ, ಸ್ಪ್ರಿಂಗಿನ ರಚನೆ, ಬಾಡಿಯ ಉದ್ದಗಳನ್ನು ಮುಟ್ಟುವ ಯಾವ ಸುಧಾರಣೆಗೂ ಕೆಎ 40ರ ಚಿಕ್ಕಬಳ್ಳಾಪುರದಲ್ಲಾಗಲಿ ಕೆಎ 67ರ ಚಿಂತಾಮಣಿಯಲ್ಲಾಗಲಿ ನೋಂದಣಿ ಕಚೇರಿಯ ಅನುಮತಿಯನ್ನು ಮೊದಲೇ ಪಡೆಯಬೇಕಾಗುತ್ತದೆ. ನೀರಿನ ಟ್ಯಾಂಕಿನ ಜಾಗ ಬದಲಿಸಲು, ಪಾತ್ರೆಯ ಪೆಟ್ಟಿಗೆಯನ್ನು ನೆತ್ತಿಯಿಂದ ನೆಲಕ್ಕಿಳಿಸಲು, ಟೈರಿಗೆ ತಕ್ಕಷ್ಟೇ ಗಾಳಿ ತುಂಬಿಸಲು, ಸವೆದ ಬುಷ್‌ಗೆ ಅದೇ ಅಳತೆಯ ಹೊಸದನ್ನು ಹಾಕಿಸಲು ಯಾವ ಅರ್ಜಿಯೂ ಬೇಕಾಗುವುದಿಲ್ಲ.